“ನಮ್ದು ಅಳಿಯಕಟ್ಟು, ವಕೀಲ್ರೇ”

2015ರ ಜೂನ್. ಮಳೆ ಹಿಡಿದು ವಾರ ಆಗಿತ್ತು. ಬ್ರಹ್ಮಾವರದ ಕಡೆಯಿಂದ ಒಬ್ಬರು ಅಕ್ಕ ಉಡುಪಿಯ ನನ್ನ ಆಫೀಸಿಗೆ ಬಂದರು. ಕೊಡೆ ಹೊರಗಿಟ್ಟು, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಕಾಗದಪತ್ರ. ಮಾತು ಶುರು ಮಾಡಿದ್ದೇ ಹೀಗೆ: “ನಮ್ದು ಅಳಿಯಕಟ್ಟು, ವಕೀಲ್ರೇ. ಮಾವನ ಮಕ್ಕಳು ಜಾಗ ಪೂರ್ತಿ ಅವರದೇ ಅಂತಾರೆ.”

ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ “ಅಳಿಯಕಟ್ಟು” ಅಂತ ಬರೆದುಕೊಂಡೆ. ಬರೆದುಕೊಂಡು ಮರೆತೆ. ಅಳಿಯಕಟ್ಟು ಅಂದರೆ ಅಳಿಯಸಂತಾನ, ಮನೆತನ ಆಸ್ತಿ ಎರಡೂ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ.

ನಾನು ಘಟ್ಟದ ಮೇಲಿನವಳು. ನಮ್ಮ ಕಡೆ ಪಾಲು ಅಂದರೆ ಅಪ್ಪ, ಮಕ್ಕಳು, ಅವಿಭಕ್ತ ಕುಟುಂಬ, ಕಾನೂನಿನ ಮಾತಲ್ಲಿ ಮಿತಾಕ್ಷರ. ಪಾಲಿನ ದಾವೆಯ ಒಂದು ಒಳ್ಳೆ ಮಾದರಿ ಕಂಪ್ಯೂಟರಿನಲ್ಲಿತ್ತು. ಹೆಸರು, ಸರ್ವೆ ನಂಬರ್ ಬದಲಿಸಿದೆ. “ವಾದಿ ಪ್ರತಿವಾದಿಗಳು ಮಿತಾಕ್ಷರ ಕಾನೂನಿಗೆ ಒಳಪಟ್ಟ ಹಿಂದೂಗಳು” ಎನ್ನುವ ಸಾಲು ಹಾಗೇ ಉಳಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 6ಕ್ಕೆ ಆದ 2005ರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಜೋರಾಗಿ ಒಂದು ಪ್ಯಾರಾ ಸೇರಿಸಿದೆ. ಆ ಪ್ಯಾರಾ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಎದುರು ವಕೀಲರು ಹಿರಿಯರು. ಅವರ ಉತ್ತರದ ಮೂರನೇ ಪ್ಯಾರಾ ಎರಡೇ ಸಾಲು. ಈ ಕುಟುಂಬ ಅಳಿಯಸಂತಾನದ್ದು, ವಾದಿ ಹೇಳಿದ ಸೆಕ್ಷನ್ 6 ಇವರಿಗೆ ಸಂಬಂಧವೇ ಇಲ್ಲ. ಕೋರ್ಟ್ ವರಾಂಡದಲ್ಲಿ ಸಿಕ್ಕಾಗ ನಕ್ಕು, “ಕಕ್ಷಿದಾರರ ಬರಿ ಯಾವುದು ಅಂತಾದ್ರೂ ಕೇಳ್ಬೇಕಿತ್ತಲ್ಲ, ಮೇಡಂ?” ಅಂದರು. ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಬಳಿ, ಗೋತ್ರದ ಹಾಗೆ. ತುಳುನಾಡಿನಲ್ಲಿ ಮದುವೆ ಮಾತುಕತೆಗೆ ಕೂತರೆ ಮೊದಲು ಕೇಳುವುದೇ ಅದು. ನಾನು ಕೇಳಿರಲಿಲ್ಲ.

ಆವತ್ತು ರಾತ್ರಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ, ಹಿಡಿದು ಮೊದಲ ಪುಟದಿಂದ ಕೂತೆ. ನಾವೆಲ್ಲ ನೇರ ಸೆಕ್ಷನ್ 6, 8 ಅಥವಾ 15ಕ್ಕೆ ಹಾರುತ್ತೇವೆ. ವ್ಯಾಖ್ಯೆಗಳ ಪುಟ ಓದುವುದೇ ಇಲ್ಲ. ಸೆಕ್ಷನ್ 3ರಲ್ಲೇ “ಅಳಿಯಸಂತಾನ ಕಾನೂನು” ಎಂದರೆ ಏನು ಅಂತ ಇದೆ. ಈ ಕಾಯ್ದೆ ಬರದೇ ಇದ್ದಿದ್ದರೆ ಯಾರು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಗೋ ಆ ರೂಢಿಗೋ ಒಳಪಡುತ್ತಿದ್ದರೋ, ಅವರ ಕಾನೂನು. ಉಡುಪಿಯ ಕೋರ್ಟಿನಲ್ಲಿ ಮದ್ರಾಸ್ ಹೆಸರು ಯಾಕೆ ಅನ್ನಿಸಬಹುದು. 1956ರ ನವೆಂಬರ್‌ವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಕೆಳಗಿತ್ತು, ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಊರಿನವರನ್ನು ಕೇಳಿದರೆ ಇನ್ನೂ ಹಿಂದೆ ಹೋಗುತ್ತಾರೆ. ಭೂತಾಳ ಪಾಂಡ್ಯ, ಮಗನನ್ನು ಬಲಿ ಕೊಡಲು ಒಪ್ಪದ ಹೆಂಡತಿ, ಮಗನನ್ನು ಕೊಟ್ಟ ತಂಗಿ, ಆಮೇಲೆ ಅಳಿಯನಿಗೆ ಆಸ್ತಿ ಎಂದ ರಾಜನ ಕಟ್ಟು. ಕತೆ ಚೆನ್ನಾಗಿದೆ, ಕೋರ್ಟಿಗೆ ಮಾತ್ರ 1949ರ ಮತ್ತು 1956ರ ಕಾಯ್ದೆಗಳು ಸಾಕು.

ಈ ಮನೆಯ ಲೆಕ್ಕ ಹೇಳುತ್ತೇನೆ, ಇಲ್ಲದಿದ್ದರೆ ವಿಷಯ ಗಾಳಿಯಲ್ಲಿ ಉಳಿಯುತ್ತದೆ. ಅಕ್ಕನ ಅಮ್ಮನಿಗೆ ಒಬ್ಬರೇ ಅಣ್ಣ. ಅವರೇ ಮನೆಯ ಯಜಮಾನ, ಅಕ್ಕನಿಗೆ ಮಾವ. 1993ರಲ್ಲಿ ತೀರಿಕೊಂಡರು, ವೀಲುನಾಮೆ ಇಲ್ಲ. ಆ ದಿನ ಕುಟುಂಬದಲ್ಲಿ ಇದ್ದವರು ಯಾರು? ಮಾವ, ಅಮ್ಮ, ಅಕ್ಕ, ಅಕ್ಕನ ತಂಗಿ, ತಮ್ಮ. ಜೊತೆಗೆ ಅಕ್ಕನ ಐದು ವರ್ಷದ ಮಗಳು, ತಂಗಿಯ ಎರಡು ವರ್ಷದ ಮಗ. ಒಟ್ಟು ಏಳು ಜನ. ಮಾವನ ಮಕ್ಕಳು ಇದರಲ್ಲಿ ಇಲ್ಲ. ಅವರು ಅವರ ತಾಯಿಯ ಕುಟುಂಬದವರು. ಮುಂಬಯಿಯಲ್ಲಿ ಹೋಟೆಲ್ ಇಟ್ಟಿರುವ ತಮ್ಮನ ಮಕ್ಕಳಿಗೂ ಮುಂದೆ ಇದೇ ಮಾತು.

ಹಳೆಯ ಕಟ್ಟಿನಲ್ಲಾದರೆ ಮಾವ ಸತ್ತ ಮೇಲೆ ಅವರ ಹೆಂಡತಿ ಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಏನೂ ಇಲ್ಲ. ಅಕ್ಕ ನಂಬಿದ್ದು ಅದನ್ನೇ. ಮಾವನ ಮಕ್ಕಳು ನಂಬಿದ್ದು ಅಪ್ಪನ ಹೆಸರಲ್ಲಿರುವುದೆಲ್ಲ ತಮ್ಮದು ಅಂತ. ಸೆಕ್ಷನ್ 7(2) ಇಬ್ಬರಿಗೂ ಬೇರೆಯೇ ಉತ್ತರ ಕೊಡುತ್ತದೆ. 1956ರ ಜೂನ್ 17ರಂದು ಕಾಯ್ದೆ ಜಾರಿಯಾಯಿತು. ಅದಾದ ಮೇಲೆ ಕುಟುಂಬದ ಸದಸ್ಯರು ಯಾರು ಸತ್ತರೂ, ಸಾಯುವ ಮುಂಚಿನ ಗಳಿಗೆಯಲ್ಲಿ ತಲೆಗೊಂದರಂತೆ ಪಾಲಾಗಿತ್ತು ಎಂದು ಲೆಕ್ಕ ಹಿಡಿಯಬೇಕು. ಆ ಪಾಲು ಪೂರ್ತಿ ಅವರದು, ಅದು ಈ ಕಾಯ್ದೆಯ ವಾರಸುದಾರರಿಗೆ ಹೋಗುತ್ತದೆ. ಅಂದರೆ ಮಾವನದು ಏಳರಲ್ಲಿ ಒಂದು. ಅದು ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಸಮನಾಗಿ, ಒಬ್ಬೊಬ್ಬರಿಗೆ ಇಪ್ಪತ್ತೊಂದರಲ್ಲಿ ಒಂದು. ಇದನ್ನು ಹೇಳಿದಾಗ ಅಕ್ಕನಿಗೆ ಸಿಟ್ಟು ಬಂತು. “ಅವರಿಗೆ ಅಷ್ಟೂ ಯಾಕೆ?” ಅಂದರು. ಮಾವನ ಮಕ್ಕಳಿಗೆ ಇನ್ನೂ ಜಾಸ್ತಿ ಸಿಟ್ಟು ಬಂದಿರಬೇಕು.

ಇದಕ್ಕಿಂತ ದೊಡ್ಡ ಏಟು ಸೆಕ್ಷನ್ 17ರಲ್ಲಿತ್ತು.

ಅಕ್ಕನ ತಂಗಿ 2014ರಲ್ಲಿ ತೀರಿಹೋಗಿದ್ದರು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ಉಡುಪಿಯಲ್ಲಿ ಅವರ ಹೆಸರಲ್ಲೊಂದು ಫ್ಲ್ಯಾಟ್ ಇತ್ತು. ಗಂಡ ಮತ್ತು ಮಗ ಅಲ್ಲೇ ಇದ್ದರು. ದಾವೆಯಲ್ಲಿ ನಾನು ತಂಗಿಯ ವಾರಸುದಾರರು ಗಂಡ ಮತ್ತು ಮಗ ಎಂದು ಬರೆದಿದ್ದೆ. ಹಿಂದೂ ಹೆಣ್ಣುಮಗಳು ಸತ್ತರೆ ಸೆಕ್ಷನ್ 15ರಲ್ಲಿ ಮೊದಲ ಸಾಲು ಅದೇ ಅಲ್ವಾ, ಮಕ್ಕಳು ಮತ್ತು ಗಂಡ. ಆದರೆ ಅಳಿಯಸಂತಾನದವರಿಗೆ ಸೆಕ್ಷನ್ 17 ಆ ಪಟ್ಟಿಯನ್ನೇ ಬದಲಿಸುತ್ತದೆ. ಮೊದಲು ಮಕ್ಕಳು ಮತ್ತು ತಾಯಿ. ಅವರು ಯಾರೂ ಇಲ್ಲದಿದ್ದರೆ ಆಮೇಲೆ ತಂದೆ ಮತ್ತು ಗಂಡ. ಹಾಗಾದರೆ ಕುಟುಂಬದ ಪಾಲು ಮಾತ್ರ ಅಲ್ಲ, ಆ ಫ್ಲ್ಯಾಟೂ ಅರ್ಧ ಮಗನಿಗೆ, ಅರ್ಧ ಎಂಬತ್ತು ವರ್ಷದ ಅಮ್ಮನಿಗೆ. ಕಂತು ಕಟ್ಟಲು ಕೈಜೋಡಿಸಿದ ಗಂಡನಿಗೆ ವಾರಸು ಲೆಕ್ಕದಲ್ಲಿ ಸೊನ್ನೆ.

ನನಗೆ ಈ ಪಟ್ಟಿ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಗಂಡ ಸತ್ತರೆ ಹೆಂಡತಿ ಮೊದಲ ಸಾಲಿನಲ್ಲೇ ಇದ್ದಾಳೆ, ಹೆಂಡತಿ ಸತ್ತರೆ ಗಂಡ ಎರಡನೇ ಸಾಲಿನಲ್ಲಿ ಕಾಯಬೇಕು. ಹೆಣ್ಣಿನ ಆಸ್ತಿ ಅವಳ ತಾಯಿಯ ಮನೆ ಬಿಟ್ಟು ಹೋಗಬಾರದು ಎನ್ನುವ ಹಳೆಯ ಲೆಕ್ಕ ಅದರ ಹಿಂದಿದೆ, ಅರ್ಥ ಆಗುತ್ತದೆ. ಫ್ಲ್ಯಾಟಿಗೆ ಆ ಲೆಕ್ಕ ಹೊಂದುವುದಿಲ್ಲ. ಕೊನೆಗೆ ಅಮ್ಮನೇ ದಾರಿ ತೋರಿಸಿದರು. ಫ್ಲ್ಯಾಟಿನ ತಮ್ಮ ಅರ್ಧವನ್ನು ಮೊಮ್ಮಗನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಅಳಿಯನನ್ನು ನೋಡಿ, “ಮನೆ ಬಿಡುವುದು ಬೇಡ ಮಗಾ, ಊಟ ಸರಿ ಮಾಡು” ಅಂದದ್ದು ನೆನಪಿದೆ.

ದಾವೆ ತಿದ್ದಲು ಅರ್ಜಿ ಹಾಕಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 17. ಪುಣ್ಯಕ್ಕೆ ಸಾಕ್ಷಿ ವಿಚಾರಣೆ ಶುರುವಾಗಿರಲಿಲ್ಲ. ಶುರುವಾದ ಮೇಲಾದರೆ ಎಷ್ಟು ಎಚ್ಚರ ವಹಿಸಿದ್ದರೂ ಮುಂಚೆ ತಿಳಿಯಲು ಆಗುತ್ತಿರಲಿಲ್ಲ ಅಂತ ತೋರಿಸಬೇಕು. ಕಕ್ಷಿದಾರರ ಮೊದಲ ವಾಕ್ಯವೇ ನನ್ನ ನೋಟ್‌ಬುಕ್ಕಿನಲ್ಲಿರುವಾಗ ಅದನ್ನು ಹೇಗೆ ಹೇಳುವುದು? ಕೋರ್ಟ್ ಖರ್ಚು ಹಾಕಿ ಒಪ್ಪಿತು. ಆ ಖರ್ಚು ನಾನೇ ಕಟ್ಟಿದೆ.

ಈಗ ಹೊಸಬರು ಯಾರೇ ಬಂದರೂ ಆಸ್ತಿ ಎಷ್ಟು ಅಂತ ಮೊದಲು ಕೇಳುವುದಿಲ್ಲ. ಸತ್ತವರು ಯಾರು, ಯಾವ ದಿನ ಸತ್ತರು, ಅವರ ಕಟ್ಟು ಯಾವುದು, ಇಷ್ಟು ಕೇಳುತ್ತೇನೆ. ಮಂಗಳೂರಿನ ಒಂದೇ ಓಣಿಯಲ್ಲಿ ಅಕ್ಕಪಕ್ಕದ ಮೂರು ಮನೆ ಇಟ್ಟುಕೊಳ್ಳಿ. ಮೂರರಲ್ಲೂ ಗಂಡ ವೀಲುನಾಮೆ ಇಲ್ಲದೆ ಸತ್ತಿದ್ದಾನೆ, ಹೆಂಡತಿ ಮಕ್ಕಳು ಇದ್ದಾರೆ, ವಯಸ್ಸಾದ ತಾಯಿ ಇದ್ದಾಳೆ. ಕೆಥೋಲಿಕ್ ಮನೆಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ, ತಾಯಿಗೆ ಏನೂ ಇಲ್ಲ. ಬ್ಯಾರಿ ಮನೆಯಲ್ಲಿ ಶರೀಯತ್ ಲೆಕ್ಕ. ಹೆಂಡತಿಗೆ ಎಂಟರಲ್ಲಿ ಒಂದು, ತಾಯಿಗೆ ಆರರಲ್ಲಿ ಒಂದು. ಹಿಂದೂ ಮನೆಯಲ್ಲಿ ಗಂಡನ ಸ್ವಂತ ಆಸ್ತಿಯಾದರೆ ಹೆಂಡತಿ, ತಾಯಿ, ಒಬ್ಬೊಬ್ಬ ಮಗ ಮಗಳು, ಎಲ್ಲರಿಗೂ ಒಂದೊಂದು ಸಮಪಾಲು. ಮಳೆನೀರು ಒಂದೇ ಚರಂಡಿಗೆ ಹೋಗುತ್ತದೆ, ಆಸ್ತಿ ಮೂರು ದಾರಿ ಹಿಡಿಯುತ್ತದೆ.

ಮನುಷ್ಯರ ವಿಷಯ ಇದು. ಭೂಮಿಯದ್ದು ಬೇರೆಯೇ ಪುಸ್ತಕ.

ಗಲಾಟೆ ಇದ್ದ ಜಾಗದಲ್ಲಿ ಮುಕ್ಕಾಲು ಪಾಲು ಡಿಕ್ಲರೇಶನ್ ಭೂಮಿ. ಕರಾವಳಿಯಲ್ಲಿ ಹಾಗೇ ಹೇಳುವುದು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿಗೆ ಇದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ 7ರಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿ ಒಪ್ಪಿದರೆ ಅಧಿಭೋಗದ ಹಕ್ಕು, ಅಂದರೆ ಜಾಗ ಅವನ ಹೆಸರಿಗೆ. ಇಲ್ಲಿ ಫಾರಂ 7 ಕೊಟ್ಟವರು ಮಾವ. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಅವರೊಬ್ಬರದೇ ಹೆಸರು. ಮಾವನ ಮಕ್ಕಳ ಇಡೀ ವಾದ ನಿಂತಿದ್ದು ಅದರ ಮೇಲೆ.

1974ರಲ್ಲಿ ಗೇಣಿದಾರ ಯಾರಾಗಿದ್ದ ಎನ್ನುವ ಪ್ರಶ್ನೆ ಎದ್ದರೆ ಸಿವಿಲ್ ಕೋರ್ಟು ಕೈಕಟ್ಟಿ ನಿಲ್ಲಬೇಕು. ಭೂಸುಧಾರಣಾ ಕಾಯ್ದೆಯ ಸೆಕ್ಷನ್ 133 ಅದನ್ನು ಮಂಡಳಿಗೆ ಬಿಟ್ಟಿದೆ. ಆದರೆ ಮಂಡಳಿ ಕೊಟ್ಟ ಹಕ್ಕು ಮಾವನಿಗೆ ಒಬ್ಬರಿಗೋ, ಯಜಮಾನರಾಗಿ ಇಡೀ ಕುಟುಂಬಕ್ಕೋ ಎನ್ನುವುದು ಮನೆಯವರ ನಡುವಿನ ಪ್ರಶ್ನೆ. ಅದನ್ನು ನಮ್ಮ ಕೋರ್ಟು ನೋಡಿತು. ಇಲ್ಲೂ ನನಗೆ ಸಿಕ್ಕಿದ್ದು ವ್ಯಾಖ್ಯೆಯ ಪುಟದಲ್ಲೇ. ಭೂಸುಧಾರಣಾ ಕಾಯ್ದೆ “ಅವಿಭಕ್ತ ಕುಟುಂಬ” ಎಂದರೆ ಏನು ಎಂದು ಹೇಳುವಾಗ ಅಳಿಯಸಂತಾನದವರಿಗೆ ಕುಟುಂಬ ಅಥವಾ ಕವರು (ಕುಟುಂಬದೊಳಗೆ ಒಬ್ಬ ತಾಯಿಯ ಕವಲು) ಎಂದು ಸೇರಿಸಿಯೇ ಹೇಳುತ್ತದೆ.

ಕಾನೂನು ಸಿಕ್ಕಿತು, ಸಾಕ್ಷ್ಯ ಬೇಕಲ್ಲ. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗೆ ಅರ್ಜಿ ಹಾಕಿ ಮೂರು ಸಲ ಅಲೆದೆ. ಮಂಡಳಿಯ ಆದೇಶ ಒಂದೂವರೆ ಪುಟ, ಅದರಲ್ಲಿ ಕುಟುಂಬದ ಸುದ್ದಿಯೇ ಇಲ್ಲ. ಸುಮ್ನೆ ಕೈಚೆಲ್ಲಿ ಕೂತಿದ್ದೆ. ಒಂದು ದಿನ ಅಕ್ಕನ ಚೀಲವನ್ನು ಮೇಜಿನ ಮೇಲೆ ಪೂರ್ತಿ ಸುರಿದೆ. ಕರೆಂಟ್ ಬಿಲ್ಲು, ದೇವಸ್ಥಾನದ ರಸೀದಿ, ಮದುವೆ ಕಾಗದ, ಮಧ್ಯದಲ್ಲಿ ನಾಲ್ಕಾಗಿ ಮಡಚಿದ ಒಂದು ಹಳದಿ ಹಾಳೆ. 1961ರ ಚಾಲಗೇಣಿ ಚೀಟು, ಕಾಯಂ ಅಲ್ಲದ ಗೇಣಿಯ ಕರಾರು. ಮಡಿಕೆಯಲ್ಲಿ ಹರಿದು ಹೋಗಿತ್ತು, ಒಂದು ಮೂಲೆ ಗೆದ್ದಲು ತಿಂದಿತ್ತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಬರೆದ ಕೆಳಗೆ ಗೇಣಿದಾರರ ಹೆಬ್ಬೆಟ್ಟಿನ ಗುರುತು. ಹೆಸರು ಮಾವನದಲ್ಲ. ಮಾವನ ತಾಯಿಯದು. ಅಕ್ಕನ ಅಜ್ಜಿಯದು. ಗೇಣಿ ಶುರುವಾದದ್ದೇ ಅಜ್ಜಿಯ ಹೆಸರಲ್ಲಿ ಅಂದಮೇಲೆ, ಮಗ ಫಾರಂ 7 ಕೊಟ್ಟದ್ದು ಮನೆಯ ಪರವಾಗಿ ಎನ್ನುವ ವಾದಕ್ಕೆ ಕಾಲು ಬಂತು. ಆ ಹಾಳೆಯನ್ನು ಅಕ್ಕ ಇಷ್ಟು ವರ್ಷ ಇಟ್ಟುಕೊಂಡದ್ದು ಯಾಕೆ ಅಂದರೆ, “ಅಜ್ಜಿಯ ಹೆಬ್ಬೆಟ್ಟು ಅಲ್ವಾ, ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ.”

ಕುಮ್ಕಿಯ ಮಾತು ಬೇಗ ಮುಗಿಸುತ್ತೇನೆ. ಮುಂಬಯಿಯ ತಮ್ಮ ಫೋನ್ ಮಾಡಿ, ಮನೆಯ ಮೇಲಿನ ಗುಡ್ಡೆಯನ್ನೂ ಷೆಡ್ಯೂಲಿಗೆ ಸೇರಿಸಿ ಅಂದ. ಅದು ಕುಮ್ಕಿ. ವರ್ಗದ ಜಾಗಕ್ಕೆ, ಅಂದರೆ ಪಟ್ಟಾ ಜಾಗಕ್ಕೆ, ತಾಗಿ 100 ಗಜದವರೆಗಿನ ಸರ್ಕಾರಿ ಭೂಮಿ. ಸೊಪ್ಪು, ದರಗು ತರುವ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ ಸೆಕ್ಷನ್ 79 ಉಳಿಸಿದೆ. ಸವಲತ್ತು ಬೇರೆ, ಮಾಲೀಕತ್ವ ಬೇರೆ. ಮೂರು ತಲೆಮಾರು ಗೇರು ಕೊಯ್ದರೂ ಅದು ಪಾಲಾಗುವ ಆಸ್ತಿ ಅಲ್ಲ. ಅವನಿಗೆ ಇದನ್ನು ಒಪ್ಪಿಸಲು ನಾಲ್ಕು ಫೋನ್ ಬೇಕಾಯಿತು.

ಪ್ರಾಥಮಿಕ ಡಿಕ್ರಿ ಆಯಿತು, ಮಾವನ ಕಡೆಗೆ ಏಳರಲ್ಲಿ ಒಂದು ಎಂದೇ. ಇನ್ನು ಅಳತೆ, ನಕ್ಷೆ, ಅಂತಿಮ ಡಿಕ್ರಿ. ಅದು ಎಳೆಯುತ್ತಿರುವಾಗ 2024ರ ಜೂನ್ ಕೊನೆಗೆ ಮಾವನ ಮಗ ಜನ ಕರೆಸಿ ತೆಂಗಿನಕಾಯಿ ಕೊಯ್ಸಿದ. ಅಕ್ಕ ದೂರು ಕೊಟ್ಟದ್ದು ಜುಲೈ ಮೊದಲ ವಾರ. ನಡುವೆ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು, ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ. ಅಪರಾಧ ಅಂತ ಆಗಿದ್ದರೆ ಅದು ಜೂನ್‌ದು, ಹಾಗಾಗಿ ಹಳೆಯ ಐಪಿಸಿಯ 379, ಕಳವಿನ ಸೆಕ್ಷನ್. ಎಫ್‌ಐಆರ್ ಮತ್ತು ತನಿಖೆಯ ಕ್ರಮ ಹೊಸ ಸಂಹಿತೆಯದು. ನನ್ನ ಕಪಾಟಿನಲ್ಲಿ ಎರಡೂ ಪುಸ್ತಕ ಪಕ್ಕಪಕ್ಕ ಇವೆ. ಜೂನಿಯರ್ ಹುಡುಗ ಹಳೆಯದನ್ನು ರದ್ದಿಗೆ ಹಾಕಲು ಹೊರಟಿದ್ದ, ಬೈದೆ. ದೂರು ಮಾತ್ರ ಎಲ್ಲಿಗೂ ಮುಟ್ಟಲಿಲ್ಲ. ಪಾಲುದಾರನೇ ಕೊಯ್ದದ್ದು, ಸಿವಿಲ್ ಸ್ವರೂಪದ್ದು ಎಂದು ಪೊಲೀಸರು ಹಿಂಬರಹ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಉತ್ಪತ್ತಿಯ ಲೆಕ್ಕ ಅಂತಿಮ ಡಿಕ್ರಿಯಲ್ಲಿ ಕೇಳಬಹುದು. ಹಾಗೇ ಮೆಮೊ ಹಾಕಿದ್ದೇನೆ.

ಮೊನ್ನೆ ಅಕ್ಕ ಮತ್ತೆ ಬಂದಿದ್ದರು. ಕೇಸಿನ ಮಾತು ಮುಗಿದ ಮೇಲೂ ಏಳಲಿಲ್ಲ. ಆಮೇಲೆ ಮೆಲ್ಲ ಕೇಳಿದರು. ಮಗಳು ಮಂಗಳೂರಿನಲ್ಲಿ ಕ್ರಿಶ್ಚಿಯನ್ ಹುಡುಗನನ್ನು ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿದ್ದಾಳೆ, “ಅವಳ ಪಾಲು ಹೋಯ್ತಾ?”

ಹೋಗಿಲ್ಲ ಅಂದೆ. ಆ ಕಾಯ್ದೆಯ ಸೆಕ್ಷನ್ 19ರಂತೆ ಅವಳು ಕುಟುಂಬದಿಂದ ಬೇರೆಯಾದಳು ಅಂತ ಲೆಕ್ಕ, ಅಷ್ಟೇ. ಅವಳಿಗೆ ಬರಬೇಕಾದ್ದು ಅವಳದೇ. ಆದರೆ ಇನ್ನು ಮುಂದೆ ಅವಳ ಆಸ್ತಿ ಅಳಿಯಕಟ್ಟಿನ ಪಟ್ಟಿಯಂತೆ ಹೋಗುವುದಿಲ್ಲ. ಸೆಕ್ಷನ್ 21ರ ಪ್ರಕಾರ 1925ರ ಕಾಯ್ದೆ, ಆ ಕೆಥೋಲಿಕ್ ಮನೆಯದ್ದೇ. ಅಲ್ಲಿ ಮಕ್ಕಳಿದ್ದರೆ ಗಂಡನಿಗೆ ಮೂರರಲ್ಲಿ ಒಂದು.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಹಾಗಾದ್ರೆ ನಮ್ಮ ಭಾವನಿಗೆ ಸಿಗದ್ದು ಅಳಿಯನಿಗೆ ಸಿಗ್ತದೆ” ಎಂದು ನಕ್ಕರು. ಚೀಲದೊಳಗೆ ಚೀಲ ಮಡಚಿಟ್ಟು, ಕೊಡೆ ಎತ್ತಿಕೊಂಡು, ಮಗಳ ಮದುವೆ ಸರ್ಟಿಫಿಕೇಟಿನ ಜೆರಾಕ್ಸ್ ಮೇಜಿನ ಮೇಲೆ ಬಿಟ್ಟು ಹೋದರು.