ರೋಲ್‌ಔಟ್ ಅರ್ಧಕ್ಕೇ ನಿಂತರೆ ನಾನು ಏನು ನೋಡುತ್ತೇನೆ

ಕ್ಯೂಬರ್ನೆಟೀಸ್ ಅಂದರೆ ಹಲವು ಮಷೀನ್‌ಗಳ (ನೋಡ್‌ಗಳ) ಮೇಲೆ ಆಪ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ವ್ಯವಸ್ಥೆ. ಅದರಲ್ಲಿ ಆಪ್‌ನ ಹೊಸ ವರ್ಷನ್ ಹಾಕುವ ಕೆಲಸ, ಅಂದರೆ ರೋಲ್‌ಔಟ್, ಅರ್ಧಕ್ಕೆ ನಿಂತ ತಕ್ಷಣ ಎಲ್ಲರ ಕೈಯೂ 'ರೋಲ್‌ಔಟ್ ರೀಸ್ಟಾರ್ಟ್' ಕಮಾಂಡ್ ಕಡೆಗೇ ಹೋಗುತ್ತದೆ. ದಯವಿಟ್ಟು ಹೊಡೆಯಬೇಡಿ. ಹೊಡೆದರೆ ಇನ್ನೊಂದು ಹೊಸ ರೆಪ್ಲಿಕಾಸೆಟ್, ಅಂದರೆ ಒಂದು ವರ್ಷನ್‌ನ ಪಾಡ್‌ಗಳನ್ನು (ಆಪ್‌ನ ಓಡುವ ಪ್ರತಿಗಳನ್ನು) ನೋಡಿಕೊಳ್ಳುವುದು, ಹುಟ್ಟುತ್ತದೆ, ಸಿಕ್ಕಿಹಾಕಿಕೊಂಡಿದ್ದ ಪಾಡ್‌ಗಳು ಹೋಗಿಬಿಡುತ್ತವೆ, ಆಮೇಲೆ ಡಿಸ್ಕ್ರೈಬ್ ಮಾಡೋಕೆ (ಪಾಡ್‌ನ ವಿವರ ತೆಗೆದು ನೋಡೋಕೆ) ನಿಮ್ಮ ಮುಂದೆ ಏನೂ ಇರುವುದಿಲ್ಲ. ಏನಾಯಿತು ಅಂತ ಕ್ಯೂಬರ್ನೆಟೀಸ್ ಬರೆದಿಡುವ ಇವೆಂಟ್‌ಗಳು ಬೇರೆ ಡೀಫಾಲ್ಟ್ ಆಗಿ 1 ಗಂಟೆ ಮಾತ್ರ ಉಳಿಯುತ್ತವೆ. ಬೆಳಿಗ್ಗೆ ಆಫೀಸಿಗೆ ಬಂದು ನೋಡೋಣ ಅಂದರೆ ಖಾಲಿ ಪರದೆ ಕಾಣುತ್ತದೆ ಅಷ್ಟೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರೋಲ್‌ಔಟ್ ಮುಂದಕ್ಕೆ ಹೋಗದಿದ್ದರೆ 600 ಸೆಕೆಂಡ್ ಆದಮೇಲೆ 'ಪ್ರೋಗ್ರೆಸ್ ಡೆಡ್‌ಲೈನ್ ಎಕ್ಸೀಡೆಡ್' ಅಂತ ಬರುತ್ತದಲ್ಲ, ಅದು ಬರೀ ಒಂದು ಗುರುತು. ಕ್ಯೂಬರ್ನೆಟೀಸ್ ತಾನಾಗಿ ಹಳೆಯ ವರ್ಷನ್‌ಗೆ ವಾಪಸ್ ಹೋಗುವುದಿಲ್ಲ. ಪ್ರಯತ್ನ ಬಿಡುವುದೂ ಇಲ್ಲ, ಹಿಂದಿನಿಂದ ಸುಮ್ನೆ ಮಾಡುತ್ತಲೇ ಇರುತ್ತದೆ. ಗಾಬರಿಯಾಗುವ ಕಾರಣವೂ ಕಡಿಮೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಒಂದೇ ಸಲ ಶೇ. 25ಕ್ಕಿಂತ ಜಾಸ್ತಿ ಪಾಡ್ ಇಳಿಸುವ ಹಾಗಿಲ್ಲ, ಆ ಲೆಕ್ಕ ಕೆಳಕ್ಕೆ ರೌಂಡ್ ಆಗುತ್ತದೆ. 3 ಪಾಡ್ ಇರುವ ಸರ್ವಿಸ್ ಆದರೆ ಹೊಸದು ರೆಡಿ ಆಗುವ ತನಕ ಹಳೆಯದು ಒಂದೂ ಇಳಿಯುವುದಿಲ್ಲ. ಗ್ರಾಹಕರಿಗೆ ಏನೂ ಗೊತ್ತಾಗಿರುವುದಿಲ್ಲ. ಗೊತ್ತಾಗುವುದು ಮ್ಯಾನೇಜರ್‌ಗೆ ಮಾತ್ರ. ಪುಣೆಯ ಐಟಿ ಪ್ರದೇಶ ಹಿಂಜೆವಾಡಿಯಲ್ಲಿ ಅವರು ಐದು ನಿಮಿಷಕ್ಕೊಮ್ಮೆ ಚಾಟ್‌ನಲ್ಲಿ "ಝಾಲಂ ಕಾ?" (ಮರಾಠಿಯಲ್ಲಿ 'ಆಯಿತಾ?') ಅಂತ ಹಾಕುತ್ತಿರುತ್ತಾರೆ, ಹಾಕಲಿ ಬಿಡಿ.

ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಕೆಲಸ ಈಗ ಯಾರ ಕೈಯಲ್ಲಿ ನಿಂತಿದೆ? ಹೊಸ ಪಾಡ್ ಲಿಸ್ಟ್‌ನಲ್ಲೇ ಇಲ್ಲ ಅಂದರೆ ರೆಪ್ಲಿಕಾಸೆಟ್ ಹತ್ತಿರ ನಿಂತಿದೆ. ಅಲ್ಲಿ ಹೆಚ್ಚಾಗಿ ನೇಮ್‌ಸ್ಪೇಸ್‌ನ (ಕ್ಲಸ್ಟರ್‌ನಲ್ಲಿ ನಿಮಗೆ ಕೊಟ್ಟ ಪಾಲಿನ) ಕೋಟಾ ಮುಗಿದಿರುತ್ತದೆ, ಯಾಕೆಂದರೆ ಅಪ್‌ಡೇಟ್ ಸಮಯದಲ್ಲಿ ಹಳೆಯದು ಹೊಸದು ಎರಡೂ ಒಟ್ಟಿಗೆ ಇರಬೇಕಲ್ಲ. ಪಾಡ್ ಇದೆ ಆದರೆ ಪೆಂಡಿಂಗ್ ಅಂದರೆ ಪಾಡ್ ಯಾವ ನೋಡ್‌ಗೆ ಹೋಗಬೇಕು ಅಂತ ಆರಿಸುವ ಶೆಡ್ಯೂಲರ್‌ಗೆ ಜಾಗ ಸಿಕ್ಕಿಲ್ಲ. ನೋಡ್ ಸಿಕ್ಕಿದೆ, 'ಕಂಟೇನರ್ ಕ್ರಿಯೇಟಿಂಗ್'ನಲ್ಲೇ ಇದೆ ಅಂದರೆ ಆ ನೋಡ್ ಮೇಲೆ ಪಾಡ್‌ಗಳನ್ನು ಎಬ್ಬಿಸುವ ಕ್ಯೂಬ್‌ಲೆಟ್ ನೆಟ್‌ವರ್ಕಿಗೋ ಡಿಸ್ಕಿಗೋ ಕಾಯುತ್ತಿದೆ. ರನ್ನಿಂಗ್ ಅನ್ನುತ್ತದೆ, ಪಕ್ಕದಲ್ಲಿ 0/1 ಇದೆ ಅಂದರೆ ಆಪ್ ಸಿದ್ಧವಾಯಿತಾ ಅಂತ ನೋಡುವ ರೆಡಿನೆಸ್ ಪ್ರೋಬ್ ಒಪ್ಪುತ್ತಿಲ್ಲ. ಕ್ರ್ಯಾಶ್‌ಲೂಪ್ (ಪದೇ ಪದೇ ಎದ್ದು ಸಾಯುವುದು) ಆದರೆ ತಪ್ಪು ಬಹುತೇಕ ನಿಮ್ಮ ಆಪ್‌ನದ್ದೇ. ಈಗಿನ ಲಾಗ್ ನೋಡಿ ಉಪಯೋಗವಿಲ್ಲ, 'ಪ್ರೀವಿಯಸ್' ಸೇರಿಸಿ ಸತ್ತ ಕಂಟೇನರ್‌ನ ಲಾಗ್ ನೋಡಬೇಕು.

ನಮಗೆ ಜಾಸ್ತಿ ಸತಾಯಿಸಿದ್ದು ಮಧ್ಯದ್ದು, 'ಕಂಟೇನರ್ ಕ್ರಿಯೇಟಿಂಗ್'. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ಲೈಂಟ್ ಒಂದು ರಿಟೇಲ್ ಕಂಪನಿ. ಕ್ಲಸ್ಟರ್ ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ, ಅವರದೇ ಕ್ಯೂಬರ್ನೆಟೀಸ್ ಸೇವೆ ಇಕೆಎಸ್ ಮೇಲೆ. ಎರಡು ಝೋನ್ (ಬೇರೆ ಬೇರೆ ಡೇಟಾ ಸೆಂಟರ್), ಝೋನಿಗೊಂದು ಸಬ್‌ನೆಟ್ (ಐಪಿ ವಿಳಾಸಗಳ ಒಂದು ಗುಂಪು). ದೀಪಾವಳಿ ಸೇಲ್‌ಗೆ ಅಂತ ನೋಡ್‌ಗಳನ್ನು ಹೆಚ್ಚಿಸಿದ್ದರು. ರಿಲೀಸ್ ರಾತ್ರಿ ಹೊಸ ಪಾಡ್‌ಗಳಲ್ಲಿ ಕೆಲವು ಸಲೀಸಾಗಿ ಬಂದವು, ಕೆಲವು ನಿಂತವು. ನಮ್ಮ ಟೀಮ್‌ನಲ್ಲಿ ಅರ್ಧ ಜನ ಬೆಳಗಾವಿ, ವಿಜಯಪುರದ ಕಡೆಯವರು, ರಾತ್ರಿ ಕಾಲ್‌ನಲ್ಲಿ ಇಂಗ್ಲಿಷ್ ತಾನಾಗಿ ಕಳಚಿ ಬೀಳುತ್ತದೆ. ಹೊಸದಾಗಿ ಸೇರಿದ್ದ ವಿಜಯಪುರದ ಹುಡುಗ ಕೇಳಿದ: "ಸರ್, ಒಂದ್ ಪಾಡ್ ಬಂದೈತ್ರೀ, ಅಂದ್ರ ಇಮೇಜ್ ಸರಿ ಐತಿ. ಉಳಿದವು ಯಾಕ ಬರವಲ್ಲವು?" ಪ್ರಶ್ನೆ ಸರಿಯಾಗಿಯೇ ಇತ್ತು. "ಬಂದಿದ್ದು ಯಾವ ನೋಡ್ ಮೇಲೆ, ನಿಂತಿದ್ದು ಯಾವ ನೋಡ್ ಮೇಲೆ, ಅದನ್ನ ನೋಡಪ್ಪಾ" ಅಂದೆ. ಗೆಟ್ ಪಾಡ್ಸ್‌ಗೆ 'ವೈಡ್' ಔಟ್‌ಪುಟ್ ಹಾಕಿ ನೋಡಿದರೆ ನಿಂತವೆಲ್ಲ ಒಂದೇ ಝೋನಿನ ನೋಡ್‌ಗಳ ಮೇಲೆ. ಡಿಸ್ಕ್ರೈಬ್ ಮಾಡಿದಾಗ ಕೆಳಗಡೆ ಇವೆಂಟ್‌ನಲ್ಲಿ ಉದ್ದದ ಸಾಲು, ಅದರ ಕೊನೆಯಲ್ಲಿ 'ಫೇಲ್ಡ್ ಟು ಅಸೈನ್ ಆನ್ ಐಪಿ ಅಡ್ರೆಸ್ ಟು ಕಂಟೇನರ್'.

ಇಕೆಎಸ್‌ನಲ್ಲಿ ಡೀಫಾಲ್ಟ್ ನೆಟ್‌ವರ್ಕ್ ಪ್ಲಗಿನ್ ಪ್ರತಿ ಪಾಡ್‌ಗೂ ನಿಮ್ಮ ವಿಪಿಸಿಯ (ಎಡಬ್ಲ್ಯೂಎಸ್ ಒಳಗಿನ ನಿಮ್ಮದೇ ಖಾಸಗಿ ನೆಟ್‌ವರ್ಕಿನ) ನಿಜವಾದ ಐಪಿಯನ್ನೇ ಕೊಡುತ್ತದೆ. ನಮ್ಮ ಸಬ್‌ನೆಟ್ /24. ಅಂದರೆ 256 ಐಪಿ, ಅದರಲ್ಲಿ 5 ಎಡಬ್ಲ್ಯೂಎಸ್ ಇಟ್ಟುಕೊಳ್ಳುತ್ತದೆ, ಉಳಿಯೋದು 251. ಆ ಝೋನಿನಲ್ಲಿ ಪಾಡ್‌ಗಳು ನೂರೂ ದಾಟಿರಲಿಲ್ಲ. ಹಾಗಾದರೆ ಐಪಿ ಎಲ್ಲಿ ಹೋಯಿತು?

ಉತ್ತರ ಆ ಪ್ಲಗಿನ್‌ನ ಅಭ್ಯಾಸದಲ್ಲಿದೆ. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವ ಹಾಗೆ, ಇದು ಮುಂದೆ ಬರಬಹುದಾದ ಪಾಡ್‌ಗಳಿಗೆ ಅಂತ ಒಂದು ಇಡೀ ನೆಟ್‌ವರ್ಕ್ ಇಂಟರ್‌ಫೇಸ್‌ನಷ್ಟು ಐಪಿಗಳನ್ನು ಮೊದಲೇ ಹಿಡಿದಿಡುತ್ತದೆ. ಎಂ5 ಲಾರ್ಜ್ ಅನ್ನುವ ಗಾತ್ರದ ನೋಡ್‌ನಲ್ಲಿ ಒಂದು ಇಂಟರ್‌ಫೇಸ್‌ಗೆ 10 ಐಪಿ. ಐದೇ ಪಾಡ್ ಇರುವ ನೋಡ್ ಕೂಡ ಎರಡು ಇಂಟರ್‌ಫೇಸ್ ಹಾಕಿಕೊಂಡು 20 ಐಪಿ ಹಿಡಿದು ಕೂತಿರುತ್ತದೆ. ಅಂಥ 12 ನೋಡ್ ಇದ್ದರೆ 240 ಹೋಯಿತು. ಲೋಡ್ ಬ್ಯಾಲೆನ್ಸರ್, ಡೇಟಾಬೇಸ್ ಕೂಡ ಅದೇ ಸಬ್‌ನೆಟ್‌ನಲ್ಲಿ ಇದ್ದರೆ ಮುಗಿದೇ ಹೋಯಿತು. ಹಳೆಯ ಪಾಡ್‌ಗಳ ಹತ್ತಿರ ಐಪಿ ಆಗಲೇ ಇರುವುದರಿಂದ ಅವು ಆರಾಮಾಗಿ ಓಡುತ್ತಿರುತ್ತವೆ. ರೋಲಿಂಗ್ ಅಪ್‌ಡೇಟ್ ಹೆಚ್ಚುವರಿ ಪಾಡ್ ಕೇಳಿದಾಗಲೇ ಬಣ್ಣ ಬಯಲಾಗೋದು.

ಇದರಲ್ಲಿ ನನಗೆ ಕಿರಿಕಿರಿ ಅನ್ನಿಸುವುದು ಶೆಡ್ಯೂಲರ್‌ನ ನಡವಳಿಕೆ. ಅದಕ್ಕೆ ಸಬ್‌ನೆಟ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಎಂ5 ಲಾರ್ಜ್‌ಗೆ 29 ಪಾಡ್ ಮಿತಿ, ಈಗ ಹತ್ತಿವೆ, ಸಿಪಿಯು ಇದೆ, ಮೆಮೊರಿ ಇದೆ, ಕಳಿಸು ಅನ್ನುತ್ತದೆ. ಪಾಡ್‌ಗೆ ನೋಡ್ ಸಿಕ್ಕಿಬಿಟ್ಟಿರುವುದರಿಂದ ಜಾಗ ಸಾಲದಾಗ ನೋಡ್ ಸೇರಿಸುವ ಆಟೋಸ್ಕೇಲರ್ ಕೂಡ ತನಗೆ ಸಂಬಂಧವಿಲ್ಲ ಅನ್ನುವ ಹಾಗೆ ಸುಮ್ಮನಿರುತ್ತದೆ. ನಾವೇ ಕೈಯಾರೆ ನೋಡ್ ಸೇರಿಸಿದರೆ? ಆ ಹೊಸ ನೋಡ್ ಇನ್ನಷ್ಟು ಐಪಿ ಹಿಡಿಯಲು ಹೋಗುತ್ತದೆ, ಪರಿಸ್ಥಿತಿ ಇನ್ನೂ ಕೆಡುತ್ತದೆ.

ಆ ರಾತ್ರಿ ಮಾಡಿದ್ದು ಸರಳ. ಪ್ಲಗಿನ್‌ನಲ್ಲಿ 'ವಾರ್ಮ್ ಐಪಿ ಟಾರ್ಗೆಟ್' 2, 'ಮಿನಿಮಮ್ ಐಪಿ ಟಾರ್ಗೆಟ್' 8 ಅಂತ ಇಟ್ಟೆವು. ಇಂಟರ್‌ಫೇಸ್ ಲೆಕ್ಕ ಬಿಟ್ಟು ಪ್ಲಗಿನ್ ಒಂದೊಂದು ಐಪಿಯ ಲೆಕ್ಕಕ್ಕೆ ಬರುತ್ತದೆ, ಬೇಡದ್ದನ್ನು ನೋಡ್‌ಗಳು ಒಂದೊಂದಾಗಿ ಬಿಟ್ಟುಕೊಡುತ್ತವೆ. ಓಡುತ್ತಿದ್ದ ಪಾಡ್‌ಗಳಿಗೆ ಏನೂ ಆಗಲಿಲ್ಲ. ನಾವು ಮತ್ತೆ ಡಿಪ್ಲಾಯ್ ಕೂಡ ಮಾಡಲಿಲ್ಲ, ಕ್ಯೂಬ್‌ಲೆಟ್ ತಾನೇ ಪ್ರಯತ್ನಿಸುತ್ತಾ ಇತ್ತಲ್ಲ, ಐಪಿ ಸಿಕ್ಕ ಹಾಗೆ ಪಾಡ್‌ಗಳು ಎದ್ದವು, ಡೆಡ್‌ಲೈನ್ ಮೀರಿದೆ ಅಂತ ಕೆಂಪಗಿದ್ದ ರೋಲ್‌ಔಟ್ ತಾನಾಗಿಯೇ ಪೂರ್ತಿಯಾಯಿತು. ಒಂದು ಎಚ್ಚರಿಕೆ: ಈ ಸಂಖ್ಯೆಗಳನ್ನು ತೀರಾ ಚಿಕ್ಕದು ಮಾಡಿದರೆ ಪ್ಲಗಿನ್ ಪದೇ ಪದೇ ಎಡಬ್ಲ್ಯೂಎಸ್‌ನ ಇಸಿ2 ಎಪಿಐಗೆ ಕರೆ ಮಾಡುತ್ತದೆ, ದೊಡ್ಡ ಕ್ಲಸ್ಟರ್‌ನಲ್ಲಿ ಅದೇ ಇನ್ನೊಂದು ತಲೆನೋವು.

ಪ್ರಿಫಿಕ್ಸ್ ಡೆಲಿಗೇಶನ್ ಮಾಡಬಹುದಿತ್ತಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದು ಐಪಿಗಳನ್ನು 16ರ ಗುಂಪಿನಲ್ಲಿ ಕೊಡುತ್ತದೆ. ಆದರೆ ಆ 16 ಒಂದರ ಪಕ್ಕ ಒಂದು ಖಾಲಿ ಇರಬೇಕು. ಆಗಲೇ ತುಂಬಿ ಚೆಲ್ಲಾಪಿಲ್ಲಿಯಾಗಿರುವ ಸಬ್‌ನೆಟ್‌ನಲ್ಲಿ ಅದು ಸಿಗುವುದಿಲ್ಲ. ಹೊಸ ದೊಡ್ಡ ಸಬ್‌ನೆಟ್ ಇದ್ದರೆ ಚೆನ್ನ. ನಾವು ಆಮೇಲೆ ವಿಪಿಸಿಗೆ 100.64ರ ಸಾಲಿನಿಂದ ಎರಡನೇ ರೇಂಜ್ ಸೇರಿಸಿ ಪಾಡ್‌ಗಳನ್ನು ಅಲ್ಲಿಗೆ ಕಳಿಸಿದೆವು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಕಂಡರೆ ಯಾರೋ ಹೊಸ ಮ್ಯಾಕ್‌ಬುಕ್‌ನಲ್ಲಿ ಇಮೇಜ್ ಬಿಲ್ಡ್ ಮಾಡಿದ್ದಾರೆ, ಅದು ಆರ್ಮ್ ಚಿಪ್ಪಿನದು, ನಿಮ್ಮ ನೋಡ್ ಇಂಟೆಲ್‌ನದು. ಎಕ್ಸಿಟ್ ಕೋಡ್ 137 ಅಂದರೆ ಹೆಚ್ಚಾಗಿ ಮೆಮೊರಿ ಲಿಮಿಟ್ ದಾಟಿದೆ. ಡಿಸ್ಕ್ ಹಚ್ಚಿಕೊಂಡಿರುವ ಪಾಡ್ ಆದರೆ, ಇಬಿಎಸ್ ವಾಲ್ಯೂಮ್ (ಎಡಬ್ಲ್ಯೂಎಸ್‌ನ ಡಿಸ್ಕ್) ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ನೋಡ್‌ಗೆ, ಅದೂ ಅದೇ ಝೋನಿನ ನೋಡ್‌ಗೆ. ಹೊಸ ಪಾಡ್ ಬೇರೆ ನೋಡ್‌ಗೆ ಹೋದರೆ ಹಳೆಯದು ಬಿಡುವುದಿಲ್ಲ, ಹೊಸದು ಬರುವುದಿಲ್ಲ. ಅಂಥದ್ದಕ್ಕೆ ರೋಲಿಂಗ್ ಅಪ್‌ಡೇಟ್ ಬಿಟ್ಟು 'ರೀಕ್ರಿಯೇಟ್' (ಮೊದಲು ಹಳೆಯದನ್ನು ಇಳಿಸಿ ಆಮೇಲೆ ಹೊಸದು) ಇಡಿ. ಸ್ಪ್ರಿಂಗ್ ಬೂಟ್ (ಜಾವಾ) ಆಪ್‌ಗೆ ಕಾಲು ಸಿಪಿಯು ಕೊಟ್ಟು ಅದು ಬದುಕಿದೆಯಾ ಅಂತ ನೋಡುವ ಲೈವ್‌ನೆಸ್ ಪ್ರೋಬ್‌ಗೆ ಡೀಫಾಲ್ಟ್ 1 ಸೆಕೆಂಡ್ ಟೈಮ್‌ಔಟ್ ಬಿಟ್ಟರೆ ಅದು ಏಳುವ ಮೊದಲೇ ಸಾಯುತ್ತದೆ. ಸ್ಟಾರ್ಟಪ್ ಪ್ರೋಬ್ ಇರುವುದೇ ಇದಕ್ಕೆ, 1.20 ವರ್ಷನ್‌ನಿಂದ ಅದು ಸ್ಟೇಬಲ್. ಪಾಡ್ ಡಿಸ್ರಪ್ಷನ್ ಬಜೆಟ್‌ನಿಂದಾಗಿ (ಒಟ್ಟಿಗೆ ಎಷ್ಟು ಪಾಡ್ ಇಳಿಯಬಹುದು ಅನ್ನುವ ಮಿತಿ) ರೋಲ್‌ಔಟ್ ನಿಂತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ನೋಡ್ ಡ್ರೈನ್ (ಖಾಲಿ) ಮಾಡುವಾಗ ತಡೆಯುತ್ತದೆ, ರೋಲಿಂಗ್ ಅಪ್‌ಡೇಟ್‌ಗೆ ಅದರ ಅಡ್ಡಿ ಇಲ್ಲ.

ಈಗ ನಮ್ಮ ಪೈಪ್‌ಲೈನ್‌ನಲ್ಲಿ ರೋಲ್‌ಔಟ್ ಸ್ಟೇಟಸ್ ಟೈಮ್‌ಔಟ್ ಆದರೆ ಮೊದಲು ರೆಡಿ ಆಗದ ಪಾಡ್‌ಗಳ ಡಿಸ್ಕ್ರೈಬ್, ಹಿಂದಿನ ಲಾಗ್, ಇವೆಂಟ್ ಮೂರೂ ಫೈಲ್‌ಗೆ ಹೋಗುತ್ತವೆ. ಅನ್‌ಡೂ (ಹಳೆಯ ವರ್ಷನ್‌ಗೆ ವಾಪಸ್) ಓಡುವುದು ಆಮೇಲೆ. ಸಬ್‌ನೆಟ್‌ನಲ್ಲಿ ಎಷ್ಟು ಐಪಿ ಉಳಿದಿದೆ ಅಂತ ನೋಡುವ ಪುಟ್ಟ ಸ್ಕ್ರಿಪ್ಟ್ ಆ ವಿಜಯಪುರದ ಹುಡುಗನೇ ಬರೆದ. 40ಕ್ಕಿಂತ ಕೆಳಗೆ ಇಳಿದರೆ ಟೀಮ್ ಚಾಟ್‌ಗೆ ಮೆಸೇಜ್ ಬರುತ್ತದೆ: "ಐಪಿ ಖಾಲಿ ಆಗಾಕತ್ತಾವ್ರೀ".