ವೈರಿಂಗ್ ಗುತ್ತಿಗೆ ಕೊಡುವ ಮೊದಲು: ಲೈಸೆನ್ಸ್, ಪರ್ಮಿಟ್, ತಪಾಸಣೆ

ಕಂಟ್ರ್ಯಾಕ್ಟರ್ ತೋರಿಸುವ ಲೈಸೆನ್ಸಿನ ಜೆರಾಕ್ಸ್ ನಂಬಿ ಕೆಲಸ ಕೊಡಬೇಡಿ. ಅದರ ನಂಬರನ್ನು ಲೈಸೆನ್ಸ್ ಕೊಟ್ಟ ಇಲಾಖೆಯ ಪಟ್ಟಿಯಲ್ಲಿ ನೀವೇ ಹುಡುಕಿ, ಹೆಸರು, ಅವಧಿ, ಎಷ್ಟು ವೋಲ್ಟೇಜಿನವರೆಗೆ ಅನುಮತಿ ಎಂಬುದನ್ನು ತಾಳೆ ನೋಡಿ. ವೈರ್‌ಮನ್ ಪರವಾನಗಿಯೇ ಬೇರೆ, ಗುತ್ತಿಗೆ ಹಿಡಿಯುವ ಪರವಾನಗಿಯೇ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ.

ಹೊಸ ಸರ್ಕ್ಯೂಟ್, ಮುಖ್ಯ ಬೋರ್ಡ್ ಬದಲಾವಣೆಗೆ ಪರ್ಮಿಟ್, ಅಂದರೆ ಕೆಲಸಕ್ಕೆ ಅಧಿಕೃತ ಅನುಮತಿ, ಬೇಕಾಗಬಹುದು. ಅದು ಕಂಟ್ರ್ಯಾಕ್ಟರ್ ಹೆಸರಿನಲ್ಲೇ ಇರಲಿ. "ನೀವೇ ಅರ್ಜಿ ಹಾಕಿಬಿಡಿ" ಎಂದರೆ ಹೊಣೆಯೂ ನಿಮ್ಮ ಮೇಲೇ ಬೀಳಬಹುದು.

ತಪಾಸಣೆ ಪ್ಲಾಸ್ಟರ್‌ಗಿಂತ ಮೊದಲೇ ಆಗಬೇಕು. ವೈರಿಂಗ್ ಪೈಪಿನ ಜಾಯಿಂಟ್, ಅರ್ಥಿಂಗ್ ವೈರ್ ಮುಚ್ಚಿಹೋದರೆ ಮತ್ತೆ ಗೋಡೆ ಒಡೆಯಬೇಕಾದೀತು. ಕೆಲಸ ಮುಗಿದ ಮೇಲೆ ಉಪಕರಣಗಳನ್ನೆಲ್ಲ ಕಳಚಿ, ವೈರಿನ ಹೊದಿಕೆಯಿಂದ ವಿದ್ಯುತ್ ಸೋರುತ್ತದೆಯೇ ಎಂದು ನೋಡುವ ಮೀಟರ್ ಆದ ಮೆಗ್ಗರ್‌ನಲ್ಲಿ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ಪರೀಕ್ಷೆ ಮಾಡಿಸಿ; 230 ವೋಲ್ಟ್ ಸರ್ಕ್ಯೂಟಿನಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪಬೇಡಿ. ಟೆಸ್ಟ್ ರಿಪೋರ್ಟ್ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.