ಹಳೆಯ ಕೇಸನ್ನು ನಾನೇ ಬರೆದುಕೊಟ್ಟು ಕೆಲಸಕ್ಕೆ ಸೇರಿದ ಬಗೆ

ಮಂಗಳೂರಿನ ಬಂದರು ಪ್ರದೇಶದ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಸುರಕ್ಷತಾ ಮೇಲ್ವಿಚಾರಕನಾಗಿ ಸೇರಿದ ನನ್ನ ನೇಮಕವು ಕಳೆದ ಜೂನ್‌ನಲ್ಲಿ ಖಾಯಂ ಆಯಿತು. ಅರ್ಜಿ ಕೊಡುವಾಗಲೇ, ಯಾರೂ ಕೇಳುವ ಮೊದಲೇ, ನನ್ನ ಮೇಲಿದ್ದ ಹಳೆಯ ಕ್ರಿಮಿನಲ್ ಪ್ರಕರಣದ ವಿವರವನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿದ್ದೆ. ಹಾಗೆ ಮಾಡಬೇಡವೆಂದು ನನ್ನ ಸೋದರಮಾವ ಹೇಳಿದ್ದರು, ಗಲ್ಫ್ ವೀಸಾದ ಏಜೆಂಟರು ಹೇಳಿದ್ದರು, ವಕೀಲರ ಕಚೇರಿಯ ಜೂನಿಯರ್ ಕೂಡ ಹೇಳಿದ್ದರು. “ಖುಲಾಸೆಯಾದ ಕೇಸನ್ನು ನೀನೇ ಯಾಕೆ ಎತ್ತಿ ತೋರಿಸುತ್ತೀ ಮಾರಾಯ?” ಎಂಬ ಮಾವನ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ.

ಪ್ರಕರಣ 2011ರದ್ದು. ಕಬಡ್ಡಿ ಪಂದ್ಯಾಟ ಮುಗಿದ ರಾತ್ರಿ ಎರಡು ತಂಡಗಳ ನಡುವೆ ಹೊಡೆದಾಟವಾಗಿ, ಹನ್ನೊಂದು ಮಂದಿಯ ಮೇಲೆ ಭಾ.ದಂ.ಸಂ. (ಭಾರತೀಯ ದಂಡ ಸಂಹಿತೆ) ಕಲಂ 143, 147, 323, 324, 504, 506 ಜೊತೆಗೆ 149ರಡಿ, ಅಂದರೆ ಅಕ್ರಮ ಕೂಟ, ದೊಂಬಿ, ಹಲ್ಲೆ, ಬೆದರಿಕೆ ಮುಂತಾದ ಆರೋಪಗಳಡಿ, ಪ್ರಕರಣ ದಾಖಲಾಯಿತು. ನಾನು ಒಂಬತ್ತನೆಯ ಆರೋಪಿ. ಐದು ವರ್ಷ ತಾರೀಖಿನಿಂದ ತಾರೀಖಿಗೆ ಅಲೆದ ಮೇಲೆ, 2016ರಲ್ಲಿ ಮಂಗಳೂರಿನ ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಲಯ ನಮ್ಮೆಲ್ಲರನ್ನೂ ದೋಷಮುಕ್ತಗೊಳಿಸಿತು. ಅಲ್ಲಿಗೆ ಮುಗಿಯಿತೆಂದು ನಂಬಿ ತೀರ್ಪಿನ ಪ್ರತಿಯನ್ನು ಸಹ ತೆಗೆದುಕೊಳ್ಳದೆ ಮನೆಗೆ ಬಂದೆ. ಮುಂದಿನ ಎಲ್ಲ ನಷ್ಟಕ್ಕೂ ಅದೇ ಮೂಲ.

ಮೊದಲ ಪೆಟ್ಟು ಬಿದ್ದದ್ದು 2018ರಲ್ಲಿ. ನನ್ನ ಮನೆ ಕಾರ್ಕಳ ತಾಲೂಕಿನಲ್ಲಿ, ಅಂದರೆ ಉಡುಪಿ ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿ. ಪ್ರಕರಣ ಇದ್ದದ್ದು 2010ರಲ್ಲಿ ಆರಂಭವಾದ ಮಂಗಳೂರು ನಗರ ಪೊಲೀಸ್ ಕಮಿಷನರೇಟಿನಲ್ಲಿ. ಊರಿನ ವಿಳಾಸಕ್ಕೆ ಪಡೆದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವು ಸಹಜವಾಗಿಯೇ ಸ್ವಚ್ಛವಾಗಿತ್ತು. ಆ ಧೈರ್ಯದಲ್ಲಿ, ‘ನಿಮ್ಮ ಮೇಲೆ ಯಾವುದಾದರೂ ಪ್ರಕರಣ ದಾಖಲಾಗಿತ್ತೇ’ ಎಂಬ ಅಂಕಣದಲ್ಲಿ ‘ಇಲ್ಲ’ ಎಂದು ಬರೆದೆ. ಆ ಕಂಪನಿಯು ನೇಮಿಸಿದ ಪರಿಶೀಲನಾ ಸಂಸ್ಥೆ ಪೊಲೀಸರ ಕಾಗದವನ್ನು ನಂಬಿ ಕುಳಿತಿರಲಿಲ್ಲ. ನಾನು ಬಾಡಿಗೆಗಿದ್ದ ಮಂಗಳೂರಿನ ನ್ಯಾಯಾಲಯಗಳ ದಾಖಲೆಯನ್ನೂ ಹುಡುಕಿತ್ತು. ಸುಮಾರು ನಲವತ್ತು ದಿನ ದುಡಿದ ಮೇಲೆ ನನ್ನನ್ನು ಹೊರಗೆ ಕಳುಹಿಸಿದರು. ಕಾರಣ ಪ್ರಕರಣವಲ್ಲ, ಬರೆದ ಸುಳ್ಳು ಎಂದು ಪತ್ರದಲ್ಲೇ ಇತ್ತು. ಕೋಣೆಯ ಮುಂಗಡ, ಏಜೆಂಟರ ಕಮಿಷನ್ ಎಲ್ಲ ಸೇರಿ ಇಪ್ಪತ್ತೈದು ಸಾವಿರದಷ್ಟು ಹೋಯಿತು.

ಎರಡನೆಯದು ಗಲ್ಫ್ ಕೆಲಸ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪಿಸಿಸಿಗೆ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಕಟ್ಟಿದ್ದು ಬರೀ 500 ರೂಪಾಯಿ, ಆದರೆ ಪೊಲೀಸ್ ವರದಿ ಪ್ರತಿಕೂಲವಾಗಿ ಬಂತು. ತೀರ್ಪು ಬಂದು ಮೂರು ವರ್ಷ ಕಳೆದಿದ್ದರೂ ಠಾಣೆಯ ದಾಖಲೆಯಲ್ಲಿ ನನ್ನ ಪ್ರಕರಣದ ಎದುರು ‘ವಿಚಾರಣೆಯಲ್ಲಿದೆ’ ಎಂದೇ ಉಳಿದಿತ್ತು. ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ವೀಸಾದ ಅವಧಿ ತೀರಿತು. ವೈದ್ಯಕೀಯ ತಪಾಸಣೆ, ಸರ್ಟಿಫಿಕೇಟುಗಳ ದೃಢೀಕರಣ, ಏಜೆಂಟರ ಮುಂಗಡ ಎಂದು ನಲವತ್ತು ಸಾವಿರದ ಆಸುಪಾಸು ಕೈಬಿಟ್ಟಿತು. ಅಮ್ಮನ ಬಳೆ ಸಹಕಾರಿ ಸಂಘದಲ್ಲಿ ಅಡವಿಟ್ಟ ಹಣವದು.

ಅದಾದ ಮೇಲೆ ನನ್ನ ಬಗ್ಗೆ ಯಾವ ದಾಖಲೆಯಲ್ಲಿ ಏನಿದೆ ಎಂಬುದನ್ನು ನಾನೇ ಹುಡುಕಲು ನಿಂತೆ. ನ್ಯಾಯಾಲಯಗಳ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಹುಡುಕುವಾಗ ‘ಬಾಕಿ’ ಎಂಬುದನ್ನಷ್ಟೇ ಆಯ್ದರೆ ಮುಗಿದ ಪ್ರಕರಣ ಕಾಣುವುದಿಲ್ಲ. ‘ಎರಡೂ’ ಎಂದು ಆರಿಸಬೇಕು. ನನ್ನ ಹೆಸರನ್ನು ಐದಾರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ನೋಡಿದೆ. ‘ಟಿ’ ಅಕ್ಷರದ ಮುಂದೆ ‘ಎಚ್’ ಸೇರಿಸಿದರೆ ಒಂದು ಫಲಿತಾಂಶ, ಬಿಟ್ಟರೆ ಬೇರೆಯದೇ. ನನ್ನ ಪ್ರಕರಣ ಸಿಕ್ಕಿದ್ದು ಕೊನೆಯ ಪ್ರಯತ್ನದಲ್ಲಿ, ಹೆಸರಿನ ಜೊತೆ ‘ಯಾನೆ’ ಎಂದು ಕಬಡ್ಡಿ ಅಂಗಳದ ಅಡ್ಡಹೆಸರನ್ನೂ ಸೇರಿಸಿದ್ದ ರೂಪದಲ್ಲಿ. ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಇನ್ನೊಂದು: ನನ್ನದೇ ಹೆಸರಿನ, ನನ್ನದೇ ಸರ್‌ನೇಮಿನ ಬೇರೊಬ್ಬರ ಮೇಲೆ ಚೆಕ್ ಬೌನ್ಸ್ ಪ್ರಕರಣವಿತ್ತು. ಶೆಟ್ಟಿ, ಪೂಜಾರಿ, ಡಿಸೋಜ ಎಂಬ ಹೆಸರುಗಳು ಊರಿಗೆ ನೂರಿರುವ ನಮ್ಮ ಕಡೆ ಇಂತಹ ಗೊಂದಲ ಯಾರಿಗೂ ಬರಬಹುದು. ಅಂತಹವರು ತಂದೆಯ ಹೆಸರು, ವಿಳಾಸ, ವಯಸ್ಸುಗಳನ್ನು ಆ ಪ್ರಕರಣದ ಕಾಗದದೊಂದಿಗೆ ತಾಳೆ ಹಾಕಿ, ತಾನವನಲ್ಲ ಎಂಬುದಕ್ಕೆ ಪುರಾವೆಯನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ಒಂದು ಖಾಸಗಿ ಸಂಸ್ಥೆಗೆ ಸಾವಿರದೈನೂರರಷ್ಟು ಕೊಟ್ಟು ನನ್ನ ಮೇಲೆಯೇ ಪರಿಶೀಲನೆ ಮಾಡಿಸಿದೆ. ಅವರ ವರದಿಯಲ್ಲಿ ಆ ಚೆಕ್ ಬೌನ್ಸ್ ಪ್ರಕರಣವೂ ‘ಸಂಭಾವ್ಯ ಹೊಂದಾಣಿಕೆ’ ಎಂದು ಬಂದಿತ್ತು. ಕೊಟ್ಟ ಹಣ ದಂಡವಾಗಲಿಲ್ಲ.

ಬಳಿಕ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ತೀರ್ಪಿನ ದೃಢೀಕೃತ ಪ್ರತಿಗಳನ್ನು ಪಡೆದೆ. ಒಂದಲ್ಲ, ಐದು. ಕೋರ್ಟಿಗೆ ಕಟ್ಟಿದ್ದು ಕೆಲವು ನೂರುಗಳು, ವಕೀಲರಿಗೆ ಮೂರು ಸಾವಿರ. ಜೊತೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ, ಇಂತಹ ಅಪರಾಧ ಸಂಖ್ಯೆಯ (ಠಾಣೆಯಲ್ಲಿ ಪ್ರಕರಣಕ್ಕೆ ಕೊಟ್ಟ ಸಂಖ್ಯೆ) ಈಗಿನ ಸ್ಥಿತಿ ಏನು ಎಂದಷ್ಟೇ ಠಾಣೆಯನ್ನು ಕೇಳಿದೆ. ‘ವಿಚಾರಣೆಯಲ್ಲಿದೆ’ ಎಂದು ಅವರು ಲಿಖಿತವಾಗಿ ಕೊಟ್ಟ ಉತ್ತರವನ್ನೂ ‘ದೋಷಮುಕ್ತ’ ಎಂಬ ತೀರ್ಪನ್ನೂ ಒಟ್ಟಿಗೆ ಪಿನ್ ಮಾಡಿ, ತಿದ್ದುಪಡಿಗೆ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮೂರು ವಾರದೊಳಗೆ ದಾಖಲೆ ಸರಿಯಾಯಿತು. ಯಾವ ಅಧಿಕಾರಿಯನ್ನು ಯಾವ ಹೊತ್ತಿನಲ್ಲಿ ಕಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ರೂಪಾಯಿಯನ್ನೂ ಮೇಜಿನ ಕೆಳಗೆ ಕೊಡಲಿಲ್ಲ ಎಂಬುದನ್ನು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ.

ಬರೆದುಕೊಡುವ ಧೈರ್ಯ ಬಂದದ್ದು ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಓದಿದ ಮೇಲೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಟ್ಟದ್ದು ಕ್ಷುಲ್ಲಕ ವಿಷಯವಾದರೆ ಉದ್ಯೋಗದಾತರು ಅದನ್ನು ಮನ್ನಿಸಬಹುದು ಎಂದಿದೆ. ಮಾಹಿತಿ ಮುಚ್ಚಿಟ್ಟ ಮಾತ್ರಕ್ಕೆ ಯಾಂತ್ರಿಕವಾಗಿ ವಜಾ ಮಾಡುವಂತಿಲ್ಲ ಎಂದು 2022ರ ಪವನ್ ಕುಮಾರ್ ಪ್ರಕರಣದ ತೀರ್ಪು ಹೇಳುತ್ತದೆ. ಆದರೆ ಸತ್ಯ ಬರೆದವನನ್ನು ಸೇರಿಸಿಕೊಳ್ಳಲೇಬೇಕೆಂದು ಅವತಾರ್ ಸಿಂಗ್ ತೀರ್ಪು ಹೇಳುವುದಿಲ್ಲ. ಪೂರ್ವಾಪರವನ್ನು ತೂಗಿ ನೋಡುವ ಅಧಿಕಾರ ಉದ್ಯೋಗದಾತರಿಗೆ ಇದ್ದೇ ಇದೆ. ಇವೆರಡೂ ಸರ್ಕಾರಿ ನೌಕರಿಯ ಪ್ರಕರಣಗಳು, ಖಾಸಗಿ ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂಬುದೂ ನೆನಪಿರಲಿ.

ಅಂಕಣದಲ್ಲಿ ಕೇಳಿದ ಪದವನ್ನು ಅಕ್ಷರಶಃ ಓದಬೇಕು. ‘ಶಿಕ್ಷೆಯಾಗಿದೆಯೇ’ ಎಂಬುದೇ ಬೇರೆ, ‘ಬಂಧನವಾಗಿತ್ತೇ’, ‘ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೇ’, ‘ನ್ಯಾಯಾಲಯ ದಂಡ ವಿಧಿಸಿತ್ತೇ’ ಎಂಬವೇ ಬೇರೆ. ನಮ್ಮ ಕಡೆಯ ಹುಡುಗರು ಎಡವುವುದು ಇಲ್ಲಿಯೇ. ಕೋಳಿ ಅಂಕದಲ್ಲಿ (ಕೋಳಿ ಕಾಳಗ) ಸಿಕ್ಕಿಬಿದ್ದು, ತಾರೀಖಿಗೆ ಅಲೆಯುವ ಕಷ್ಟ ತಪ್ಪಲೆಂದು ತಪ್ಪೊಪ್ಪಿ ಕೆಲವು ನೂರು ದಂಡ ಕಟ್ಟಿದರೆ ಕಾನೂನಿನ ಕಣ್ಣಿಗೆ ಅದು ಶಿಕ್ಷೆಯೇ. ಕುಡಿದು ಗಾಡಿ ಓಡಿಸಿ ನ್ಯಾಯಾಲಯದಲ್ಲಿ ದಂಡ ಕಟ್ಟಿದ್ದೂ ಹಾಗೆಯೇ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲಿ ಪೊಲೀಸರಿಗೆ ಕಟ್ಟಿದ ದಂಡ ಆ ಸಾಲಿಗೆ ಸೇರುವುದಿಲ್ಲ. ರಾಜಿಯಾಗಬಲ್ಲ ಕಲಂಗಳಲ್ಲಿ ನ್ಯಾಯಾಲಯದ ಮುಂದೆ ರಾಜಿಯಾದರೆ ಅದು ದೋಷಮುಕ್ತಿಗೆ ಸಮ. ಪೊಲೀಸರು ‘ಬಿ’ ರಿಪೋರ್ಟ್ (ಪ್ರಕರಣ ಮುಕ್ತಾಯಗೊಳಿಸಬಹುದೆಂಬ ವರದಿ) ಹಾಕಿದರೆಂದು ನಿಶ್ಚಿಂತೆಯಿಂದ ಕೂರದೆ, ನ್ಯಾಯಾಲಯ ಅದನ್ನು ಅಂಗೀಕರಿಸಿದ ಆದೇಶದ ಪ್ರತಿಯನ್ನು ತೆಗೆದಿಡಬೇಕು.

ನನ್ನ ಪುಟದಲ್ಲಿದ್ದದ್ದು ಅಪರಾಧ ಸಂಖ್ಯೆ, ಸಿ.ಸಿ. ಸಂಖ್ಯೆ (ನ್ಯಾಯಾಲಯದಲ್ಲಿ ಪ್ರಕರಣಕ್ಕೆ ಕೊಟ್ಟ ಸಂಖ್ಯೆ), ಕಲಂಗಳು, ತೀರ್ಪಿನ ದಿನಾಂಕ ಮತ್ತು ಘಟನೆಯ ಬಗ್ಗೆ ನಾಲ್ಕು ವಾಕ್ಯ. ಆ ನಾಲ್ಕು ವಾಕ್ಯಗಳನ್ನು ಏಳೆಂಟು ಬಾರಿ ತಿದ್ದಿ ಬರೆದಿದ್ದೇನೆ. ಅವು ನನ್ನಲ್ಲೇ ಇರಲಿ. ‘ಸುಳ್ಳು ಕೇಸು’ ಎಂಬ ಪದ ಅವುಗಳಲ್ಲಿ ಇಲ್ಲ ಎಂಬಷ್ಟನ್ನು ಹೇಳಬಲ್ಲೆ.

ಸಂದರ್ಶನದ ದಿನ ಜೋರು ಮಳೆ. ಪ್ಲಾಸ್ಟಿಕ್ ಲಕೋಟೆಯಿಂದ ತೀರ್ಪಿನ ಪ್ರತಿಯನ್ನು ತೆಗೆದುಕೊಟ್ಟೆ. ಸಿಬ್ಬಂದಿ ವಿಭಾಗದ ಮೇಡಂ ಮೊದಲ ಪುಟವನ್ನು ಓದಲೇ ಇಲ್ಲ. ನೇರವಾಗಿ ಕೊನೆಯ ಪುಟಕ್ಕೆ ಹೋಗಿ, ‘ದಂ.ಪ್ರ.ಸಂ. (ದಂಡ ಪ್ರಕ್ರಿಯಾ ಸಂಹಿತೆ) ಕಲಂ 248(1)ರನ್ವಯ ದೋಷಮುಕ್ತಗೊಳಿಸಲಾಗಿದೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಪಕ್ಕದ ನೇರಳೆ ಮೊಹರನ್ನು ನೋಡಿದರು. “ಇದರ ಮೇಲೆ ಅಪೀಲು ಹೋಗಿದೆಯೇ?” ಎಂದು ಕೇಳಿದರು. “ಇಲ್ಲ ಮೇಡಂ, ಇ-ಕೋರ್ಟ್ಸ್‌ನ ಪ್ರತಿ ಹಿಂದಿನ ಪುಟದಲ್ಲಿದೆ” ಎಂದೆ. ಮತ್ತೆ ಆ ವಿಷಯ ಬರಲಿಲ್ಲ. ಉಳಿದ ಅರ್ಧ ಗಂಟೆ ಅಗ್ನಿಶಾಮಕಗಳ ಬಗ್ಗೆಯೇ ಪ್ರಶ್ನೆಗಳು. ಎರಡು ತಿಂಗಳ ನಂತರ ಪರಿಶೀಲನಾ ವರದಿಯಲ್ಲಿ ಅದೇ ಪ್ರಕರಣ ಬಂದಾಗ, ‘ಅಭ್ಯರ್ಥಿ ಮೊದಲೇ ತಿಳಿಸಿದ್ದಾರೆ’ ಎಂದು ಅವರು ಕಡತದಲ್ಲಿ ಬರೆದು ಮುಗಿಸಿದರು.

ಅಮ್ಮನ ಬಳೆಗಳನ್ನು ದೀಪಾವಳಿಗೆ ಬಿಡಿಸಿದೆ. ಐದು ದೃಢೀಕೃತ ಪ್ರತಿಗಳಲ್ಲಿ ಮೂರು ಖರ್ಚಾಗಿವೆ. ಮುಂದಿನ ರಜೆಗೆ ನಕಲು ಶಾಖೆಗೆ ಹೋಗಿ ಇನ್ನೆರಡಕ್ಕೆ ಅರ್ಜಿ ಹಾಕುವವನಿದ್ದೇನೆ.